ಏಣಿ ಬೇಡದ ಮನೆ

ಚಳ್ಳಕೆರೆಯ ಎಣ್ಣೆ ಗಿರಣಿಗಳನ್ನು ಹಿಂದೆ ಬಿಟ್ಟು ಬಸ್ಸು ಪೂರ್ವಕ್ಕೆ ತಿರುಗಿದ ಮೇಲೆ ಕಣ್ಣಿಗೆ ನೆರಳೆಂಬುದು ಅಪರೂಪ. ಶೇಂಗಾ ಹೊಲ, ಜಾಲಿ, ಕುರಿಮಂದೆ, ಮತ್ತೆ ಶೇಂಗಾ ಹೊಲ. ಪ್ರಯಾಣಿಕರ ಕನ್ನಡದಲ್ಲಿ ತೆಲುಗು ಹೆಚ್ಚುಹೆಚ್ಚಾಗಿ ಬೆರೆಯುತ್ತ ಬಂದಿತೆಂದರೆ ಆಂಧ್ರದ ಗಡಿ ಸಮೀಪಿಸಿತೆಂದು ಮೈಲಿಗಲ್ಲು ನೋಡದೆಯೇ ತಿಳಿಯಬಹುದು. ವೇದಾವತಿಗೆ ಸಮೀಪದ ಪರಶುರಾಂಪುರ ನನಗೆ ಸೋದರಮಾವನ ಊರು. ಬಾಲ್ಯದ ಬೇಸಿಗೆಗಳನ್ನೆಲ್ಲ ಕಳೆದ ಅವರ ಮನೆ ಈಗಿಲ್ಲ. ಅದೇ ನಿವೇಶನದಲ್ಲಿ ಎದ್ದಿರುವ ಹೊಸ ಮನೆಯನ್ನು ನೋಡಲು ನಾನು ಈ ಸಲ ಹೊರಟಿದ್ದೆ.

ಹಳೆಯದು ಮಾಳಿಗೆಯ ಮನೆ. ಮಳೆ ವರ್ಷಕ್ಕೆ 500 ಮಿಲಿಮೀಟರು ಮುಟ್ಟಿದರೆ ಪುಣ್ಯವೆನ್ನುವ ಈ ಸೀಮೆಯಲ್ಲಿ ಹಿರಿಯರು ಇಳಿಜಾರು ಮಾಡಿನ ಗೋಜಿಗೆ ಹೋಗದೆ ಮಟ್ಟಸವಾದ ಮಣ್ಣಿನ ಮಾಳಿಗೆಯನ್ನೇ ಕಟ್ಟಿದರು. ದಪ್ಪ ಗೋಡೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಕಡ್ಡಿ ಸೊಪ್ಪುಗಳ ಹಾಸು, ಅದರ ಮೇಲೆ ಗೇಣೆತ್ತರದ ಮಣ್ಣು, ಎಲ್ಲಕ್ಕೂ ಮೇಲೆ ಕರಲು. ಕರಲೆಂದರೆ ಚೌಳು ನೆಲದ ಉಪ್ಪುಸಾರದ ಮಣ್ಣು. ಅದರ ಗುಣ ವಿಚಿತ್ರವಾದುದು. ನೀರು ತಾಗಿದೊಡನೆ ಅದರ ನುಣ್ಣನೆಯ ಕಣಗಳು ಬಿಡಿಬಿಡಿಯಾಗಿ ಸಂದುಗಳನ್ನೆಲ್ಲ ತುಂಬಿ ಮುಚ್ಚಿಬಿಡುತ್ತವೆ. ಆಮೇಲೆ ಬಿದ್ದ ಮಳೆ ಕೆಳಗಿಳಿಯಲಾರದೆ ದೋಣಿಯಿಂದ ಹೊರಗೆ ಹರಿಯುತ್ತದೆ. ಹೊಲದಲ್ಲಿ ಬೆಳೆಯನ್ನು ಕೊಲ್ಲುವ ಮಣ್ಣು ಮನೆಯನ್ನು ಕಾಯುತ್ತಿತ್ತು. ಏಪ್ರಿಲಿನ ಮಧ್ಯಾಹ್ನ ಗವಾಕ್ಷಿಯಿಂದಿಳಿದ ಬೆಳಕಿನ ಕೋಲೊಂದನ್ನು ಬಿಟ್ಟರೆ ಹೊರಗಿನ ಬಿಸಿಲಿನ ಸುದ್ದಿಯೇ ನಡುಮನೆಗೆ ತಿಳಿಯುತ್ತಿರಲಿಲ್ಲ.

ಆದರೆ ಆ ತಂಪಿಗೆ ಆಳುಗಳ ಬೆಲೆಯಿತ್ತು. ಪ್ರತಿವರ್ಷವೂ ಮುಂಗಾರಿಗೆ ಮುನ್ನ ಕರಲು ತಂದು, ಬುಟ್ಟಿಬುಟ್ಟಿಯಾಗಿ ಏಣಿಯ ಮೇಲೆ ಹೊತ್ತು ಹರಡಬೇಕು. ನಡುರಾತ್ರಿ ಸೋರಿದರೆ ಆಗಲೇ ಹತ್ತಿ ತುಳಿಯಬೇಕು. ಅಜ್ಜನ ಕಾಲದಲ್ಲಿ ಹದಿನಾಲ್ಕು ಮಂದಿಯಿದ್ದ ಮನೆಗೆ ಅದೊಂದು ಹೊರೆಯೇ ಅಲ್ಲ, ಹುಡುಗರಿಗಂತೂ ಹಬ್ಬ. ಮಾವ ಮುಖ್ಯೋಪಾಧ್ಯಾಯರಾಗಿ ನಿವೃತ್ತರಾಗುವ ವೇಳೆಗೆ ಮನೆಯಲ್ಲಿ ಉಳಿದವರು ಇಬ್ಬರು: ಅವರು, ಮತ್ತು ಮೊಣಕಾಲು ನೋವಿನ ಅತ್ತೆ.

1907ರಲ್ಲಿ ಕಟ್ಟಿ ಮುಗಿದ ಮಾರಿಕಣಿವೆಯ ವಾಣಿವಿಲಾಸ ಸಾಗರ 1933ರಲ್ಲಿ ಒಮ್ಮೆ ಕೋಡಿ ಬಿದ್ದಿತ್ತು. ಮತ್ತೆ ಕೋಡಿ ಬಿದ್ದದ್ದು 89 ವರ್ಷಗಳ ಮೇಲೆ, 2022ರ ಸೆಪ್ಟೆಂಬರಿನಲ್ಲಿ. ಮರಳನ್ನಷ್ಟೇ ಕಂಡಿದ್ದ ವೇದಾವತಿಯ ಪಾತ್ರದಲ್ಲಿ ನೀರು ಹರಿಯುವುದನ್ನು ನೋಡಲು ಊರವರು ಹೋಗುತ್ತಿದ್ದರೆ, ಮಾವನ ಮನೆಯ ಹಿಂಗೋಡೆ ನೆನೆದು ಕುಸಿಯಿತು. ಸೋರುವ ಕಡೆ ಮಣ್ಣು ಮುಚ್ಚಲು ಹೋಗಿ ಮಾವ ಏಣಿಯಿಂದ ಜಾರಿದರು. ಮುರಿದದ್ದು ಕೈ ಮಾತ್ರ.

ಬೆಂಗಳೂರಿನಲ್ಲಿರುವ ಮಗ ಬಂದು, ಇಬ್ಬರೂ ತನ್ನೊಡನೆ ಹೊರಡಬೇಕೆಂದ. ಅವನದು ಪೊಳ್ಳು ವಾದವಲ್ಲ. ದೊಡ್ಡ ಕಾಯಿಲೆಯಾದರೆ ಇಲ್ಲಿಂದ ಚಿತ್ರದುರ್ಗಕ್ಕೋ ದಾವಣಗೆರೆಗೋ ಓಡಬೇಕು. “ನಿನ್ನ ಮನೆಗೆ ಲಿಫ್ಟಿದೆಯಪ್ಪಾ, ಇಳಿದ ಮೇಲೆ ನಾನು ಹೋಗುವುದೆಲ್ಲಿಗೆ?” ಎಂದರು ಮಾವ. ಹಳೆಯ ಮನೆಯನ್ನು ಇಳಿಸಿ, ಇಬ್ಬರೇ ನಿಭಾಯಿಸಬಲ್ಲ ಮನೆ ಕಟ್ಟುವುದೆಂದು ತೀರ್ಮಾನವಾಯಿತು. ಮಾವ ಹಾಕಿದ ನಿಯಮ ಒಂದೇ: ಏಣಿ ಹತ್ತಬೇಕಾದ ಕೆಲಸ ಆ ಮನೆಯಲ್ಲಿ ಇರಕೂಡದು.

ಮೇಸ್ತ್ರಿಗೂ ಮಾವನಿಗೂ ಮೊದಲ ಜಗಳ ಬಾಗಿಲಿನಲ್ಲೇ. “ಅಲ್ಲ ಮೇಷ್ಟ್ರೇ, ಮುಂಬಾಗಿಲಿಗೆ ಕುರಿ ಹತ್ತಿಸೋ ಇಳಿಜಾರು ಮಾಡ್ಸಿದ್ರೆ ನೋಡಿದೋರು ನಗಲ್ವಾ?” ಎಂದನಂತೆ. ನೆಲಗಟ್ಟು ಒಂದಡಿ ಎತ್ತರವಿದ್ದರೆ ಇಳಿಜಾರು 12 ಅಡಿ ಉದ್ದವಿರಬೇಕು. ಅದಕ್ಕಿಂತ ಕಡಿದಾದರೆ ಗಾಲಿಕುರ್ಚಿಯನ್ನು ತಳ್ಳುವವರಿಗೆ ಕಷ್ಟ. ಸಾರ್ವಜನಿಕ ಕಟ್ಟಡಗಳಿಗೆ ಇಂಥ ಅನುಕೂಲಗಳು ಬೇಕೆಂದು 2016ರ ಅಂಗವಿಕಲರ ಹಕ್ಕುಗಳ ಕಾನೂನೇ ಹೇಳುತ್ತದೆ. ಕಚೇರಿಗೆ ಬೇಕಾದುದು ಸ್ವಂತ ಮನೆಗೇಕೆ ಬೇಡ? ಕೊನೆಗೆ ಇಳಿಜಾರು ಜಗಲಿಯ ಪಕ್ಕದಲ್ಲಿ ಗೋಡೆಗುಂಟ ಬಂದಿತು. ಬಚ್ಚಲಿನ ಪೀಠದ ಎತ್ತರದ ಮಾತಿಗೆ ಮಾತ್ರ ಚರ್ಚೆಯೇ ಆಗಲಿಲ್ಲ. ಮೊಣಕಾಲು ಸೋತವರು ಸುಲಭವಾಗಿ ಕುಳಿತು ಏಳಲು 45ರಿಂದ 48 ಸೆಂಟಿಮೀಟರು ಎತ್ತರ ಬೇಕು. “ಹಳೇ ಜಗಲಿಯಷ್ಟು” ಎಂದರು ಮಾವ. ಜಗಲಿ ಮೊಳದೆತ್ತರದ್ದು, ಮೊಳವೆಂದರೆ ಹದಿನೆಂಟು ಅಂಗುಲ. ಮೇಸ್ತ್ರಿ ಅಳತೆಪಟ್ಟಿಯನ್ನು ಮಡಚಿ ಕಿಸೆಗೆ ಹಾಕಿದನಂತೆ.

ಉಳಿದುದನ್ನು ನಾನೇ ಸುತ್ತಾಡಿ ನೋಡಿದೆ. ಬಾಗಿಲುಗಳೆಲ್ಲ ಮೂರಡಿ ತೆರಪಿನವು. ಗೆದ್ದಲಿಗೆಡೆಯಿಲ್ಲದಂತೆ ಕಲ್ಲಿನ ಚೌಕಟ್ಟು. ನೆಲಕ್ಕೆ ಜಾರುವ ಟೈಲಿಲ್ಲ, ಒರಟು ಮೈಯ ಕಡಪ ಕಲ್ಲು. ಹೊರಗೋಡೆಯ ಕಲ್ಲಿಗೆ ಬಣ್ಣವೇ ಇಲ್ಲ, ಆದ್ದರಿಂದ ಬಳಿಯುವ ಕೆಲಸವೂ ಇಲ್ಲ. ಬಚ್ಚಲಿನಲ್ಲಿ ಗಾಲಿಕುರ್ಚಿ ತಿರುಗುವಷ್ಟು, ಐದಡಿ ಜಾಗ; ಗೋಡೆಯಲ್ಲಿ ಹಿಡಿಕೆ. ಗಾಲಿಕುರ್ಚಿ ಇನ್ನೂ ಯಾರಿಗೂ ಬೇಕಾಗಿಲ್ಲ. ಮಾಳಿಗೆ ಕಾಂಕ್ರೀಟಿನದು, ಮೇಲೆ ಬಿಸಿಲನ್ನು ಹಿಂದಕ್ಕೆಸೆಯುವ ಬಿಳಿ ಟೈಲಿನ ಚೂರುಗಳ ಹಾಸು. ಆದರೂ ಹಳೆಯ ನಡುಮನೆಯ ತಂಪು ಇಲ್ಲಿಲ್ಲ; ಹಗಲೆಲ್ಲ ಹೀರಿದ ಕಾವನ್ನು ಕಾಂಕ್ರೀಟು ರಾತ್ರಿ ಕೆಳಕ್ಕೆ ಬಿಡುತ್ತದೆ. ಈ ನಷ್ಟವನ್ನು ಮಾವ ಮುಚ್ಚಿಡುವುದಿಲ್ಲ. ಬೇಸಿಗೆಯ ರಾತ್ರಿ ಅವರ ಹಾಸಿಗೆ ಜಗಲಿಯ ಮೇಲೆ.

ನೀರಿನ ವಿಚಾರದಲ್ಲಿ ಅವರು ತೋರಿದ ಶ್ರದ್ಧೆ ನನಗೆ ಎಲ್ಲಕ್ಕಿಂತ ಹಿಡಿಸಿತು. ಚಳ್ಳಕೆರೆ, ಪಾವಗಡಗಳ ಸೀಮೆಯ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡು ಹೆಚ್ಚು. ಬಹುಕಾಲ ಕುಡಿದರೆ ಹಲ್ಲು ಕಂದಿ, ಕೀಲು ಬಿಗಿಯುತ್ತವೆ. ಮೊಣಕಾಲಿಗೆಂದು ಮನೆ ಕಟ್ಟಿ ಅದೇ ನೀರು ಕುಡಿದರೆ ಬಂದ ಭಾಗ್ಯವೇನು? 100 ಚದರ ಮೀಟರಿನ ಮಾಳಿಗೆಯ ಮೇಲೆ 400 ಮಿಲಿಮೀಟರು ಮಳೆ ಬಿದ್ದರೆ 40,000 ಲೀಟರು. ಐದರಲ್ಲೊಂದು ಪಾಲು ಪೋಲಾದರೂ ಉಳಿಯುವುದು 32,000. ಇಬ್ಬರ ಅಡಿಗೆಗೂ ಕುಡಿಯಲಿಕ್ಕೂ ದಿನಕ್ಕೆ 20 ಲೀಟರೆಂದರೆ ವರ್ಷಕ್ಕೆ 7,300 ಸಾಕು. ಹಿತ್ತಿಲಿನಲ್ಲಿ ಬೆಳಕು ಸೋಕದ ತೊಟ್ಟಿ, ಬಗ್ಗದೆ ಹಿಡಿಯುವ ಎತ್ತರಕ್ಕೆ ನಲ್ಲಿ; ಮೊದಲ ಮಳೆಯ ಕೊಳೆನೀರನ್ನು ಹೊರಬಿಡುವ ತಿರುಪು ಕೂಡ ಕೈಗೆಟಕುವಂತಿದೆ. ಬಳಕೆಯ ನೀರಿನ ಟ್ಯಾಂಕು ಮಾತ್ರ ಮಾಳಿಗೆಯ ಮೇಲೆಯೇ ಕುಳಿತಿದೆ. ಏಣಿಯ ನಿಯಮ ಸೋತದ್ದು ಅಲ್ಲೊಂದೇ ಕಡೆ. ಮಾಳಿಗೆ ಗುಡಿಸುವ ಆಳೇ ಅದನ್ನೂ ತೊಳೆದು ಬರುತ್ತಾನೆ.

ಕೊನೆಯವರೆಗೆ ಉಳಿದ ಪ್ರಶ್ನೆ ಹೊಸ್ತಿಲಿನದು. ಎಡವದಿರಲು ಹೊಸ್ತಿಲೇ ಬೇಡವೆಂದು ಮಾವ. ಹೊಸ್ತಿಲಿಲ್ಲದ್ದು ಮನೆಯೇ ಅಲ್ಲವೆಂದು ಅತ್ತೆ. ಹಳೆಯ ಮನೆಯ ಹೊಸ್ತಿಲು ಗೇಣೆತ್ತರವಿದ್ದು, ಅತ್ತೆ ಅದಕ್ಕೆ ಎಡವಿ ಎರಡು ಸಲ ಬಿದ್ದವರು. ಆದರೂ ಅದಕ್ಕೆ ನಲವತ್ತು ವರ್ಷ ಅರಿಸಿನ ಕುಂಕುಮ ಹಚ್ಚಿದವರೂ ಅವರೇ. ಮೇಸ್ತ್ರಿ ಕಲ್ಲಿನ ಹೊಸ್ತಿಲೊಂದನ್ನು ನೆಲದ ಮಟ್ಟಕ್ಕೆ ಇಳಿಸಿ ಕೂರಿಸಿ ಇಬ್ಬರನ್ನೂ ಗೆಲ್ಲಿಸಿದ.

ಹೊರಡುವ ಬೆಳಿಗ್ಗೆ ಅತ್ತೆ ಮೋಟು ಮಣೆಯ ಮೇಲೆ ಕುಳಿತು ಹೊಸ್ತಿಲಿಗೆ ಅರಿಸಿನ ಹಚ್ಚುತ್ತಿದ್ದರು. ನಡುವೆ ಹಚ್ಚಿದರೆ ನಡೆಯುವವರ ಕಾಲಿಗೆ ಹತ್ತುತ್ತದೆಂದು ಈಗ ಎರಡು ತುದಿಗಳಿಗೆ ಮಾತ್ರ. ಚೀಲ ಹಿಡಿದು ನಾನು ಅಭ್ಯಾಸಬಲದಿಂದ ಕಾಲನ್ನು ಎತ್ತಿ ದಾಟಿದೆ. ಅವರು ನಕ್ಕು, “ನಾನೂ ಹಾಗೇ ಎತ್ತತೀನಪ್ಪಾ, ಇನ್ನೂ ಮರೆತಿಲ್ಲ” ಎಂದರು.