ಗೊಬ್ಬರದ ಅಂಗಡಿಗೆ ಎಷ್ಟು ಪೋರ್ಟ್ ಬೇಕು?

ನಮ್ಮ ನೆಟ್‌ವರ್ಕ್ಸ್ ಪೇಪರಿನಲ್ಲಿ ರೂಟರ್ ಅಂದ್ರೆ ಒಂದು ವೃತ್ತ, ಸ್ವಿಚ್ ಅಂದ್ರೆ ಒಂದು ಚೌಕ. ಅವಕ್ಕೆ ರೇಟೂ ಇರಲ್ಲ, ಕರೆಂಟೂ ಹೋಗಲ್ಲ. ತುಬಚಿಯಲ್ಲಿರೋ ಕಾಕಾ ಅವರ ಗೊಬ್ಬರದ ಅಂಗಡಿಗೆ ನೆಟ್‌ವರ್ಕ್ ಮಾಡಿಕೊಡೋ ಕೆಲಸ ನನಗೆ ಬಂದಾಗ ಮೊದಲು ಎದುರಾಗಿದ್ದೇ ಇವೆರಡು.

2018ರಿಂದ ಸಬ್ಸಿಡಿ ಗೊಬ್ಬರವನ್ನ ಪಿಓಎಸ್ ಮಷಿನ್‌ನಲ್ಲಿ ರೈತರ ಗುರುತು ಖಾತ್ರಿ ಮಾಡಿಕೊಂಡೇ ಮಾರಬೇಕು. ಮುಂಗಾರಿನಲ್ಲಿ ಯೂರಿಯಾಕ್ಕೆ ಪಾಳಿ ಹಚ್ಚಿದಾಗ ನೆಟ್ ನಿಂತ್ರೆ ಬೈಸಿಕೊಳ್ಳೋರು ಕಾಕಾ.

ಪೇಟೆಯ ಒಬ್ಬ ಡೀಲರ್ 24 ಪೋರ್ಟಿನ ಮ್ಯಾನೇಜ್ಡ್ ಸ್ವಿಚ್‌ಗೆ ಕೊಟೇಶನ್ ಕೊಟ್ಟಿದ್ದ. ಅಂಗಡಿಯಲ್ಲಿರೋದು ಎರಡು ಬಿಲ್ಲಿಂಗ್ ಕಂಪ್ಯೂಟರ್, ಒಂದು ಪ್ರಿಂಟರ್, ಹಳೇ ವೈಫೈ ಡಬ್ಬಿ. ಹಿಂದಿನ ಗೋದಾಮಿನಲ್ಲಿ ನಾಲ್ಕು ಕ್ಯಾಮೆರಾ. "ಕ್ಯಾಮೆರಾನ ಬಿಲ್ಲಿಂಗ್‌ನಿಂದ ಬೇರೆ ಇಡಬೇಕು, ಅದಕ್ಕೆ ವಿಲ್ಯಾನ್ ಬೇಕು" ಅನ್ನೋದು ಅವನ ವಾದ. ಬೇರೆ ಇಡಬೇಕು, ನಿಜ. ಆದ್ರೆ ಅದಕ್ಕೆ ದುಬಾರಿ ಸ್ವಿಚ್ಚೇ ಬೇಕಂತಿಲ್ಲ. ಮೈಕ್ರೋಟಿಕ್ ಹೆಕ್ಸ್‌ನಂಥ ಐದು ಪೋರ್ಟಿನ ಸಣ್ಣ ರೂಟರ್‌ನಲ್ಲಿ ಒಂದೊಂದು ಪೋರ್ಟನ್ನೂ ಬೇರೆ ನೆಟ್‌ವರ್ಕ್ ಮಾಡಬಹುದು. ಮೊದಲನೆಯದು ಫೈಬರ್ ಇಂಟರ್ನೆಟ್, ಎರಡನೆಯದು ಅದು ಬಿದ್ರೆ ಎದ್ದು ನಿಲ್ಲೋ 4ಜಿ, ಮೂರನೆಯದು ಅಂಗಡಿಯ ಸ್ವಿಚ್, ನಾಲ್ಕನೆಯದು ಗೋದಾಮು, ಐದನೆಯದು ಕ್ಯಾಮೆರಾ ರೆಕಾರ್ಡರ್. ಕೊನೆಯ ಎರಡಕ್ಕೆ ಒಂದೇ ನೆಟ್‌ವರ್ಕ್. ಲೆಕ್ಕ ಸರಿಯಾಗಿ ಐದಕ್ಕೇ ನಿಂತಿತು!

ಅಂಗಡಿಗೆ ಎಂಟು ಪೋರ್ಟಿನ ಸಾದಾ ಗಿಗಾಬಿಟ್ ಸ್ವಿಚ್ ಸಾಕಾಯ್ತು. ಸಾದಾ ಸ್ವಿಚ್‌ಗೆ ಕಾನ್ಫಿಗರೇಶನ್ನೇ ಇಲ್ಲ, ಅದೇ ಅದರ ದೊಡ್ಡ ಗುಣ. ಸುಟ್ರೆ ಕಾಕಾ ಸಂಜೆಯೊಳಗೆ ಜಮಖಂಡಿಯಿಂದ ಇನ್ನೊಂದು ತಂದು ಚುಚ್ಚಬಹುದು. ಮ್ಯಾನೇಜ್ಡ್ ಆಗಿದ್ರೆ ನಾನು ಹಾಸ್ಟೆಲ್‌ನಿಂದ ಊರಿಗೆ ಹೋಗಬೇಕಿತ್ತು. ಗೋದಾಮಿಗೆ 100 ಎಂಬಿಪಿಎಸ್‌ನ ಪಿಓಇ ಸ್ವಿಚ್ ಹಾಕಿದೆ. 2 ಮೆಗಾಪಿಕ್ಸೆಲ್ ಕ್ಯಾಮೆರಾಕ್ಕೆ ಸುಮಾರು 4 ಎಂಬಿಪಿಎಸ್, ನಾಲ್ಕಕ್ಕೆ 16. ಗಿಗಾಬಿಟ್ ಅಲ್ಲಿ ದುಂದು.

ಉಳಿದ ದುಡ್ಡನ್ನ ವಯರ್‌ಗೆ ಹಾಕಿದೆ. ಗೋದಾಮು 130 ಮೀಟರ್ ದೂರ, ತಾಮ್ರದ ಈಥರ್‌ನೆಟ್ ಮಿತಿ 100 ಮೀಟರ್. ನಡುವೆ ಇನ್ನೊಂದು ಸ್ವಿಚ್ ಇಟ್ರೆ ದೂರ ದಾಟುತ್ತೆ, ಸಿಡಿಲು ಬಡಿದ್ರೆ ತಾಮ್ರದ ಗುಂಟ ಎರಡೂ ಕಡೆಯ ಡಬ್ಬಿ ಹೋಗಬಹುದು. ಗಾಜಿನ ಎಳೆಯಲ್ಲಿ ಕರೆಂಟ್ ಹರಿಯಲ್ಲ. ಹಾಗಾಗಿ ಪೈಪಿನೊಳಗೆ ಫೈಬರ್, ಎರಡು ತುದಿಗೆ ಮೀಡಿಯಾ ಕನ್ವರ್ಟರ್.

ಕಾಕಾ ಕೇಳಿದ್ದು ಒಂದೇ ಪ್ರಶ್ನೆ: "ತಮ್ಮಾ, ಕರೆಂಟ್ ಹೋದ್ರ ಇದು ನಡಿತೈತೇನು?" ಹೆಕ್ಸ್ 8ರಿಂದ 30 ವೋಲ್ಟ್ ಡಿಸಿ ತಗೊಳ್ಳುತ್ತೆ, 12 ವೋಲ್ಟಿನ ಮಿನಿ ಯುಪಿಎಸ್ ಸಾಕು. ಕಂಪ್ಯೂಟರ್‌ಗೆ ಇನ್ವರ್ಟರ್ ಮೊದಲೇ ಇತ್ತು. ಎಲ್ಲವನ್ನೂ ಗೋಡೆಗೆ ಎತ್ತರದಲ್ಲಿ ಹೊಡೆದ್ವಿ. ಕೃಷ್ಣೆಯ ದಂಡೆಯವರಿಗೆ, 2019ರ ಆಗಸ್ಟ್ ಕಂಡವರಿಗೆ, ಯಾಕೆ ಅಂತ ಹೇಳಬೇಕಿಲ್ಲ.

ಇನ್ನೊಂದು ರೂಟರ್ ಕೊಳ್ಳೋಕೆ ದುಡ್ಡು ಉಳಿಯಲಿಲ್ಲ. ಅದು ಕೆಟ್ಟ ದಿನ ಕೆಂಪು ಟೇಪಿನ ವಯರ್ ಕಿತ್ತು ಹಳೇ ವೈಫೈ ಡಬ್ಬಿಯ ವ್ಯಾನ್ ಪೋರ್ಟ್‌ಗೆ ಚುಚ್ಚಬೇಕು, ಅಂಗಡಿ ಸ್ವಿಚ್ಚಿನ ವಯರ್ ಅದರ ಪಕ್ಕಕ್ಕೆ. ಬಿಲ್ ನಡೆಯುತ್ತೆ, ಗೋದಾಮಿನ ಕ್ಯಾಮೆರಾ ಮೊಬೈಲಿನಲ್ಲಿ ಕಾಣಲ್ಲ. ಇದನ್ನ ಒಂದು ಹಾಳೆಯಲ್ಲಿ ಬರೆದು ಗಲ್ಲಾದ ಮೇಲೆ ಅಂಟಿಸಿ ಬಂದಿದ್ದೀನಿ.