ಓಡಲೊಲ್ಲದ ಮೋಟಾರು

ಕಚೇರಿಯಲ್ಲಿ ಕಡತ ನಿಂತರೆ ಅದನ್ನು ಮುಂದೆ ಸಾಗಿಸುವ ಉಪಾಯ ಗುಮಾಸ್ತರಾದ ನಮಗೆ ಗೊತ್ತು. ಮೋಟಾರು ನಿಂತರೆ ಏನು ಮಾಡಬೇಕೆಂಬುದನ್ನು ಮಾತ್ರ ಬಿ.ಎ. ತರಗತಿಯಲ್ಲಿ ಯಾರೂ ಹೇಳಿಕೊಡಲಿಲ್ಲ. ಆ ಪಾಠ ನಮಗೆ ಆದದ್ದು ಏಳನೆಯ ಇಯತ್ತೆಯಲ್ಲಿ ಓದುವ ನಮ್ಮ ಚಿರಂಜೀವಿಯ ದೆಸೆಯಿಂದ.

ನಾವು ಪುಣೆಗೆ ಬಂದು ಆರು ವರ್ಷವಾಯಿತು. ಹುಡುಗನಿಗೆ ಮರಾಠಿ ನೀರು ಕುಡಿದಷ್ಟು ಸುಲಭ. ಕನ್ನಡ ಬರೆಯಲು ಕೂತರೆ ಒತ್ತಕ್ಷರ ಬಂದಲ್ಲೆಲ್ಲ ಎಡವುತ್ತಾನೆ. ಧಾರವಾಡದ ಅಜ್ಜಿಗೆ ಕಾಗದ ಬರೆ ಎಂದು ನಾವು ದಿನವೂ ಗದರಿಸಿದ್ದರ ಫಲವಾಗಿ, ಅವನು ಕಾಗದ ಬರೆಯುವ ಯಂತ್ರವನ್ನೇ ಕಟ್ಟಲು ಹೊರಟ! ಎರಡು ಸ್ಟೆಪ್ಪರ್ ಮೋಟಾರು, ಹಲ್ಲಿನ ಬೆಲ್ಟು, ಒಂದು ಪೆನ್ನು, ಇಷ್ಟೇ ಸಾಮಗ್ರಿ.

ಈ ಮೋಟಾರು ಫ್ಯಾನಿನಂತೆ ಸುಮ್ಮನೆ ತಿರುಗುವುದಲ್ಲ. ಒಂದು ಸಂಕೇತಕ್ಕೆ ಒಂದು ಹೆಜ್ಜೆ, ಅಂದರೆ 1.8 ಡಿಗ್ರಿ, 200 ಹೆಜ್ಜೆಗೆ ಒಂದು ಸುತ್ತು. ಮೆಲ್ಲನೆ ಓಡಿಸಿದಾಗ ಅಕ್ಷರ ದುಂಡಗೆ ಬಂದಿತು. ವೇಗ ಹೆಚ್ಚಿಸಿದೊಡನೆ ಮೋಟಾರು ಗುಂಯ್ ಎಂದು ನಿಂತಲ್ಲೇ ನಡುಗಿತು. ಮುಂದಿನ ಗೆರೆಗಳೆಲ್ಲ ಪಕ್ಕಕ್ಕೆ ಸರಿದವು.

"ಅಪ್ಪಾ, ಲೆಕ್ಕದಾಗ ಎಲ್ಲಾ ಹೆಜ್ಜಿ ಆಗ್ಯಾವ. ಅಕ್ಷರ ಯಾಕ ಮುರೀತು?"

ಉತ್ತರ ಹೇಳಿದವರು ಕಾರ್ಖಾನೆಯಲ್ಲಿ ಯಂತ್ರ ದುರಸ್ತಿ ಮಾಡುವ ನೆರೆಮನೆಯ ರಾಯರು. ಮೊದಲು ವಿದ್ಯುತ್ ತೆಗೆಸಿ, ಬೆಲ್ಟನ್ನು ಕೈಯಿಂದ ಸರಿಸಿ, ಎಲ್ಲಿಯೂ ಬಿಗಿತವಿಲ್ಲವೆಂದು ಖಾತ್ರಿ ಮಾಡಿಕೊಂಡರು. ಆಮೇಲೆ ಹೇಳಿದರು: ತಂತಿಯ ಸುರುಳಿಯಲ್ಲಿ ವಿದ್ಯುತ್ ತುಂಬಲು ತುಸು ಹೊತ್ತು ಬೇಕು. ವೇಗ ಹೆಚ್ಚಿದರೆ, ಅದು ತುಂಬುವ ಮೊದಲೇ ಮುಂದಿನ ಹೆಜ್ಜೆಯ ಅಪ್ಪಣೆ ಬರುತ್ತದೆ, ಬಲ ಕುಂದುತ್ತದೆ. ಡ್ರೈವರ್ ಬೋರ್ಡು ತಾಳುವ ಮಿತಿಯನ್ನು ನೋಡಿಕೊಂಡು 12 ವೋಲ್ಟಿನ ಬದಲು 24 ವೋಲ್ಟು ಕೊಡಿಸಿದರು. ಮೋಟಾರಿಗೆ ಹೇಳಿದ್ದಕ್ಕಿಂತ ಹೆಚ್ಚು ಆಂಪಿಯರ್ ಹರಿಯದಂತೆ ಬೋರ್ಡಿನಲ್ಲಿಯೇ ಕಟ್ಟು ಹಾಕಿದರು. ಆದರೂ ಹೊರಡುವಾಗಲೇ ಮೋಟಾರು ತಡವರಿಸಿತು.

ರಾಯರು ನಕ್ಕರು. ನಿಮಿಷಕ್ಕೆ 600 ಸುತ್ತೆಂದರೆ ಸೆಕೆಂಡಿಗೆ 2000 ಹೆಜ್ಜೆ. ನಿಂತವನಿಗೆ ಒಮ್ಮೆಲೇ ಅಷ್ಟು ಓಡೆಂದರೆ ಓಡಿಯಾನೆ? ಕೆಲವು ನೂರು ಹೆಜ್ಜೆಯಿಂದ ಆರಂಭಿಸಿ ಮೆಟ್ಟಿಲು ಹತ್ತಿದಂತೆ ವೇಗ ಏರಿಸಬೇಕು. ನಿಲ್ಲಿಸುವಾಗಲೂ ಹಾಗೆಯೇ ಇಳಿಸಬೇಕು. ಹುಡುಗ ಲೆಕ್ಕ ತಿದ್ದಿದ. ಯಂತ್ರ ಸರಾಗವಾಗಿ ಬರೆಯಿತು.

ಹಾಗಾದರೆ ತಪ್ಪಿದ ಹೆಜ್ಜೆ ಲೆಕ್ಕದಲ್ಲಿ ಕಾಣಲಿಲ್ಲವೇಕೆ ಎಂದು ನಾವು ಕೇಳಿದೆವು. ಅದು ತಾನು ಕಳಿಸಿದ ಅಪ್ಪಣೆಗಳನ್ನು ಎಣಿಸುತ್ತದೆಯೇ ಹೊರತು, ಮೋಟಾರು ಹೆಜ್ಜೆ ಇಟ್ಟಿತೇ ಎಂದು ನೋಡುವುದಿಲ್ಲವಂತೆ. ಜಾವಕ ಪುಸ್ತಕವೊಂದೇ ಇರುವ ಕಚೇರಿಯಿದು ಎಂದುಕೊಂಡು ಮನಸಾರೆ ನಕ್ಕೆವು. ರಾತ್ರಿ ಮಲಗಿದಾಗ ಆ ನಗು ಉಳಿಯಲಿಲ್ಲ. ಆರು ವರ್ಷ ನಾವೂ ಗದರಿಕೆಗಳನ್ನು ಮಾತ್ರ ಎಣಿಸಿದ್ದೆವಲ್ಲ!

ಈಗ ದಿನಕ್ಕೆ ಎರಡೇ ಸಾಲು, ಪಕ್ಕದಲ್ಲಿ ಕೂತು ಬರೆಸುತ್ತೇವೆ. ಮೊನ್ನೆ ಧಾರವಾಡಕ್ಕೆ ಹೋದ ಕಾಗದದಲ್ಲಿ ಮೊದಲ ಸಾಲು ಹುಡುಗನ ಕೈಯದು, ಉಳಿದದ್ದು ಯಂತ್ರದ್ದು. ಅಜ್ಜಿ ಫೋನಿನಲ್ಲಿ ಕೇಳಿದ್ದು ಇಷ್ಟೇ: "ಮ್ಯಾಲಿನ ಸೊಟ್ಟ ಸಾಲು ನನ್ನ ಮೊಮ್ಮಗಂದು ಹೌದಲ್ಲೋ? ಅದನ್ನ ಮತ್ತ ಮತ್ತ ಓದೀನಿ."