ಕ್ರಯಪತ್ರದಲ್ಲಿಲ್ಲದ ಋಣ

ಭದ್ರಾ ತೀರದ ಬಾಳೆಹೊನ್ನೂರಿಗೆ ಶ್ರೀ ರಂಭಾಪುರಿ ಪೀಠದ ದರ್ಶನಕ್ಕೆಂದು ಬಯಲುಸೀಮೆಯಿಂದ ಬರುವ ಸದ್ಭಕ್ತರಲ್ಲಿ ಹಲವರು ಹಿಂದಿರುಗುವಾಗ ಮನಸ್ಸಿನಲ್ಲಿ ಒಂದು ಆಸೆಯನ್ನು ಕಟ್ಟಿಕೊಂಡು ಹೋಗುತ್ತಾರೆ. ಕಣ್ಣು ಹಾಯಿಸಿದಷ್ಟೂ ಹಸಿರು, ಬೆಟ್ಟದ ನೆತ್ತಿಯಲ್ಲಿ ಮಂಜು, ಬುಡದಲ್ಲಿ ಹೊಳೆ. ಇಲ್ಲಿ ಎರಡೆಕರೆ ತೋಟ ಕೊಂಡು, ಹಂಚಿನ ಮನೆಯೊಂದನ್ನು ಕಟ್ಟಿಕೊಂಡು, ಉಳಿದ ಆಯುಷ್ಯವನ್ನು ಶಿವಧ್ಯಾನದಲ್ಲಿ ಕಳೆಯಬಾರದೇಕೆ ಎಂಬುದೇ ಆ ಆಸೆ. ಇದು ತಪ್ಪಲ್ಲ, ಮನುಷ್ಯಸಹಜವಾದುದೇ. ಜಗಳೂರು ಸೀಮೆಯ ಒಣಭೂಮಿಯಲ್ಲಿ ಹುಟ್ಟಿ ಬೆಳೆದು, ಶಾಲಾ ಮಾಸ್ತರಿಕೆಯಿಂದ ನಿವೃತ್ತನಾಗಿ, 2009ರಲ್ಲಿ ಕೊಪ್ಪ ತಾಲ್ಲೂಕಿನ ಜಯಪುರದ ಬಳಿ ಮೂರು ಎಕರೆ ಅಡಿಕೆ ತೋಟ ಕೊಂಡು ಅಲ್ಲಿಯೇ ನೆಲೆಸಿದವನು ನಾನು. ಆದ್ದರಿಂದ ಪ್ರತಿವರ್ಷ ನಾಲ್ಕಾರು ಬಂಧುಗಳಾದರೂ ನನ್ನೊಡನೆ ಈ ಮಾತನ್ನು ಎತ್ತುತ್ತಾರೆ. ಅವರಿಗೆ ಬಿಡಿಬಿಡಿಯಾಗಿ ಹೇಳುತ್ತ ಬಂದುದನ್ನು ಇಲ್ಲಿ ಒಟ್ಟಾಗಿ ನಿವೇದಿಸುತ್ತಿದ್ದೇನೆ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರು ತಾಲ್ಲೂಕುಗಳು ಒಂದೇ ಮಡಿಲಿನ ಮಕ್ಕಳಿದ್ದಂತೆ. ತುಂಗೆಯು ಶೃಂಗೇರಿ, ಹರಿಹರಪುರಗಳನ್ನು ಬಳಸಿ ಹರಿದರೆ, ಭದ್ರೆಯು ಬಾಳೆಹೊನ್ನೂರನ್ನು ದಾಟಿ ಮುಂದುವರಿಯುತ್ತಾಳೆ. ಕೂಡಲಿಯಲ್ಲಿ ಎರಡೂ ಒಂದಾಗಿ ತುಂಗಭದ್ರೆಯಾಗುತ್ತವೆ. ನಮ್ಮ ದಾವಣಗೆರೆಯ ಕಡೆ ಭತ್ತದ ಗದ್ದೆಗಳಿಗೆ ನಾಲೆಯಲ್ಲಿ ಬರುವ ನೀರು ಈ ಬೆಟ್ಟಗಳ ಮೇಲೆ ಸುರಿದ ಮಳೆಯೇ ಅಲ್ಲವೆ? ಆ ನೀರನ್ನು ಹಿಡಿದಿಡಲು ಲಕ್ಕವಳ್ಳಿಯಲ್ಲಿ ಅಣೆಕಟ್ಟು ಎದ್ದಾಗ ನರಸಿಂಹರಾಜಪುರದ ಸುತ್ತಿನ ಎಷ್ಟೋ ಗದ್ದೆಗಳು, ಮನೆಗಳು ಹಿನ್ನೀರಿನಲ್ಲಿ ಮುಳುಗಿದವು. ಬಯಲಿನ ಅನ್ನಕ್ಕಾಗಿ ಮಲೆನಾಡು ತನ್ನ ಅಂಗಳವನ್ನು ಬಿಟ್ಟುಕೊಟ್ಟಿತು. ನಾವು ಇಲ್ಲಿ ನೆಲ ಕೇಳುವ ಮೊದಲೇ ಈ ನೆಲಕ್ಕೆ ಋಣಿಗಳಾಗಿದ್ದೇವೆ ಎಂಬುದನ್ನು ನೆನೆಯುವುದು ಒಳ್ಳೆಯದು.

ಇನ್ನು ಕೊಳ್ಳುವ ಮಾತು. ಹಿಂದೆ ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳಲು 1961ರ ಭೂಸುಧಾರಣಾ ಕಾಯಿದೆಯ ನಿರ್ಬಂಧವಿದ್ದಿತು. 2020ರ ತಿದ್ದುಪಡಿಯಿಂದ ಆ ನಿರ್ಬಂಧ ತೊಲಗಿತು. ಆ ಬಳಿಕ ನಗರಗಳಿಂದ ಬರುವವರ ಸಂಖ್ಯೆ ನಮ್ಮ ಕಣ್ಣೆದುರಿನಲ್ಲಿಯೇ ಹೆಚ್ಚಿತು. ಆದರೆ ಬಾಗಿಲು ತೆರೆಯಿತೆಂದ ಮಾತ್ರಕ್ಕೆ ಮನೆಯೊಳಗಿನದೆಲ್ಲ ನಮ್ಮದಾಗದು. ಪಹಣಿ, ಮ್ಯುಟೇಶನ್, ಋಣಭಾರ ಪತ್ರಗಳನ್ನು ನೋಡುವುದು ಎಲ್ಲರಿಗೂ ತಿಳಿದದ್ದೇ. ಮಲೆನಾಡಿನಲ್ಲಿ ಇವಿಷ್ಟೇ ಸಾಲವು. ತೋಟದ ಮೇಲಿನ ಗುಡ್ಡ ಕಂದಾಯದ್ದೋ ಅರಣ್ಯದ್ದೋ, ಸೊಪ್ಪಿನಬೆಟ್ಟವೋ, ಒತ್ತುವರಿಯೋ ಎಂಬುದನ್ನು ಸರ್ವೆ ನಕ್ಷೆ ಹಿಡಿದು, ಹದ್ದುಬಸ್ತು ಮಾಡಿಸಿಯೇ ತಿಳಿಯಬೇಕು. ಸೊಪ್ಪಿನಬೆಟ್ಟದಲ್ಲಿ ತೋಟಕ್ಕೆ ಸೊಪ್ಪು, ದರಕು ತರುವ ಸವಲತ್ತು ಉಂಟೇ ಹೊರತು ಅದು ನಮ್ಮ ಸ್ವತ್ತಲ್ಲ. "ಮೂರೆಕರೆ ಖಾತೆ, ಐದೆಕರೆ ಅನುಭವ" ಎಂದು ದಲ್ಲಾಳಿಗಳು ಹೇಳುವುದುಂಟು. ಆ ಹೆಚ್ಚಿನ ಎರಡೆಕರೆಯ ಮಾತನ್ನು ನಂಬಿ ಹಣ ಕೊಡತಕ್ಕದ್ದಲ್ಲ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾದರೆ 1978ರ ಕಾನೂನಿನ ಮೇರೆಗೆ ಸರ್ಕಾರದ ಪೂರ್ವಾನುಮತಿ ಇಲ್ಲದೆ ಕೊಳ್ಳುವಂತೆಯೇ ಇಲ್ಲ. ಬಡವನಿಗೆ ದೊರೆತ ನೆಲ ಬಡವನಲ್ಲಿಯೇ ಉಳಿಯಲಿ ಎಂಬ ಆ ಕಾನೂನಿನ ಆಶಯ ನಮ್ಮ ಧರ್ಮಕ್ಕೂ ಒಪ್ಪುವಂಥದು.

ನನಗೆ ತೋಟ ಕೊಟ್ಟವರು ಎಪ್ಪತ್ತು ದಾಟಿದ ಹಿರಿಯರು. ಮಕ್ಕಳು ಬೆಂಗಳೂರು ಸೇರಿದ್ದರು, ತೋಟಕ್ಕೆ ಹಳದಿ ಎಲೆ ರೋಗ ತಗುಲಿತ್ತು. ನೋಂದಣಿ ಮುಗಿದ ಮರುದಿನ ಅವರು ನನ್ನನ್ನು ಕರೆದುಕೊಂಡು ತೋಟದ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಗುಡ್ಡದ ಬಿರುಕಿನಿಂದ ಒಸರುವ ಅಬ್ಬಿ ನೀರಿನ ಬಳಿ ನಿಂತು ಹೇಳಿದರು: "ಮೇಷ್ಟ್ರೇ, ತೋಟ ನಿಮ್ದು. ನೀರು ಮಾತ್ರ ನಿಮ್ದೊಬ್ರದ್ದಲ್ಲ ನೋಡಿ. ದಿನ ಬಿಟ್ಟು ದಿನ ಕೆಳಗಿನ ಮನೆಗೆ ಹೋಗ್ಬೇಕು. ನಮ್ಮ ಅಜ್ಜನ ಕಾಲದಿಂದ ನಡ್ಕೊಂಡು ಬಂದದ್ದು." ಹಿಂದೆ ಅಡಿಕೆ ಮರದ ದಂಬೆಯಲ್ಲಿ ಹರಿಯುತ್ತಿದ್ದ ಆ ನೀರು ಈಗ ಕರಿಯ ಪೈಪಿನಲ್ಲಿ ಹರಿಯುತ್ತದೆ, ಮಾತು ಮಾತ್ರ ಅದೇ. ಅದು ಕ್ರಯಪತ್ರದ ಯಾವ ಪುಟದಲ್ಲಿಯೂ ಇರಲಿಲ್ಲ.

ತೋಟದ ಅಂಚಿನಲ್ಲಿ ಒಂದು ಚೌಡಿಬನವಿದೆ. ವರ್ಷಕ್ಕೊಮ್ಮೆ ಅಲ್ಲಿ ದೀಪ ಹಚ್ಚುವುದು ನಿಲ್ಲದಿರಲಿ ಎಂಬುದು ಅವರ ಇನ್ನೊಂದು ಕೋರಿಕೆ. ಇಷ್ಟಲಿಂಗ ನಿಷ್ಠೆಯಲ್ಲಿ ಬೆಳೆದ ನಾನು ಆ ಪೂಜೆಯನ್ನು ಕೈಗೊಳ್ಳುವಂತಿರಲಿಲ್ಲ. ಅದನ್ನು ಮುಚ್ಚಿಡದೆ ಹೇಳಿದೆ. "ಆದರೆ ಬನದ ಒಂದು ಬಳ್ಳಿಯನ್ನೂ ನಾನು ಕಡಿಯುವುದಿಲ್ಲ, ದಾರಿಗೆ ಬೇಲಿ ಹಾಕುವುದಿಲ್ಲ. ನೆರೆಮನೆಯವರು ಬಂದು ದೀಪ ಹಚ್ಚಲಿ, ಎಣ್ಣೆ ನಮ್ಮ ಮನೆಯಿಂದ ಹೋಗಲಿ" ಎಂದೆ. ಹಿರಿಯರಿಗೆ ಸಮಾಧಾನವಾಯಿತು. ತನ್ನ ನಿಷ್ಠೆಯನ್ನು ಬಿಡದೆಯೂ ಪರರ ಶ್ರದ್ಧೆಗೆ ದಾರಿ ಬಿಡಬಹುದು ಎಂಬುದನ್ನು ಆ ಬನ ನನಗೆ ಕಲಿಸಿತು. ಬನ ಉಳಿದುದರಿಂದಲೇ ಅದರ ಬುಡದ ಒರತೆಯೂ ಉಳಿದಿದೆ.

ಮಲೆನಾಡನ್ನು ಡಿಸೆಂಬರಿನಲ್ಲಿ ನೋಡಿ ಮೆಚ್ಚಿದವರು ಜುಲೈ ತಿಂಗಳಲ್ಲಿ ಒಮ್ಮೆ ಬಂದು ಹದಿನೈದು ದಿನ ಇದ್ದು ನೋಡಬೇಕು. ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುತ್ತದೆ. ನಮ್ಮಲ್ಲಿ ಅಷ್ಟಿಲ್ಲವಾದರೂ ಜಗಳೂರಿನವನ ಎದೆ ನಡುಗುವಷ್ಟು ಇದೆ. ಮೇ ತಿಂಗಳೊಳಗೆ ಸೌದೆ, ಅಕ್ಕಿ, ಬೇಳೆ, ಹಪ್ಪಳ, ಉಪ್ಪಿನಕಾಯಿ ಎಲ್ಲ ದಾಸ್ತಾನಾಗಬೇಕು. ಬಟ್ಟೆ ಒಣಗುವುದು ಒಲೆಯ ಮೇಲಿನ ಅಟ್ಟದಲ್ಲಿ. ಪೂಜೆಗಿಟ್ಟ ವಿಭೂತಿಯ ಗಟ್ಟಿಯೂ ಥಂಡಿ ಹಿಡಿಯುತ್ತದೆ. ನನ್ನ ಮನೆಯವರು ಅದನ್ನು ಅಕ್ಕಿಯ ಡಬ್ಬಿಯಲ್ಲಿ ಹುಗಿದಿಡುವುದನ್ನು ಕಂಡುಕೊಂಡರು. ಅಂಗಳಕ್ಕಿಳಿದರೆ ಕಾಲಿಗೆ ಇಂಬಳ ಹತ್ತುತ್ತದೆ. ಮರ ಬಿದ್ದು ವಿದ್ಯುತ್ ಹೋದರೆ ನಾಲ್ಕು ದಿನವೂ ಆದೀತು, ವಾರವೂ ಆದೀತು. ಮೂರು ತಾಲ್ಲೂಕುಗಳಲ್ಲಿಯೂ ರೈಲಿಲ್ಲ. ದೊಡ್ಡ ಕಾಯಿಲೆಯಾದರೆ ಶಿವಮೊಗ್ಗಕ್ಕೋ ಮಣಿಪಾಲಕ್ಕೋ ಓಡಬೇಕು. 2014ರ ಆಗಸ್ಟ್ ತಿಂಗಳ ಒಂದು ರಾತ್ರಿ ನನ್ನ ಮನೆಯವರಿಗೆ ಎದೆನೋವು ಬಂದಿತು. ರಸ್ತೆಗೆ ಅಡ್ಡಬಿದ್ದ ಮರವನ್ನು ಕಡಿದು ಜೀಪಿಗೆ ದಾರಿ ಮಾಡಿಕೊಟ್ಟವರು ಅದೇ ಕೆಳಗಿನ ಮನೆಯ ಅಣ್ಣ ತಮ್ಮಂದಿರು. ಅಂದು ಆಸ್ಪತ್ರೆಗೆ ಹೊತ್ತಿಗೆ ತಲುಪಿದೆವು. ದಿನ ಬಿಟ್ಟು ದಿನ ಹರಿದ ನೀರು ಅಂದು ರಾತ್ರಿ ಹಿಂದಿರುಗಿ ಬಂದಂತೆ ನನಗೆ ಭಾಸವಾಯಿತು.

ತೋಟದ ವರಮಾನವನ್ನು ನಂಬಿ ಬರುವವರು ರೋಗಗಳ ಲೆಕ್ಕವನ್ನೂ ಇಡಬೇಕು. ಮಳೆಗಾಲದಲ್ಲಿ ಕೊಳೆರೋಗ ತಡೆಯಲು ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಮಳೆ ಹಿಡಿಯುವ ಮುನ್ನ ಒಮ್ಮೆ, ಸುಮಾರು ನಲವತ್ತು ದಿನಗಳಿಗೆ ಮತ್ತೊಮ್ಮೆ ಗೊನೆಗಳಿಗೆ ಹೊಡೆಯಬೇಕು. ಮರ ಹತ್ತುವ ಕೊನೆಗಾರ ಬರುವ ದಿನ ಬಿಸಿಲಿರಬೇಕು. ಬಿಸಿಲಿರುವ ದಿನ ಅವನು ಎಲ್ಲರಿಗೂ ಬೇಕು. ಹಳದಿ ಎಲೆ ರೋಗಕ್ಕಂತೂ ಖಚಿತವಾದ ಮದ್ದು ದೊರೆತಿಲ್ಲ. ಶೃಂಗೇರಿ, ಕೊಪ್ಪದ ಎಷ್ಟೋ ಮನೆಗಳು ದಶಕಗಳಿಂದ ಅದರ ಹೊಡೆತ ಉಂಡಿವೆ. ಈಚಿನ ವರ್ಷಗಳಲ್ಲಿ ಎಲೆಚುಕ್ಕೆ ರೋಗವೂ ಸೇರಿಕೊಂಡಿದೆ. ಮಂಗ, ಕಾಡುಹಂದಿಗಳ ಕಾಟ ಎಲ್ಲೆಡೆ ಇದ್ದರೆ, ಭದ್ರಾ ಅರಣ್ಯದಂಚಿನ ಊರುಗಳಲ್ಲಿ ಆನೆಗಳ ಭಯವೂ ಉಂಟು. ತಲೆತಲಾಂತರದ ಕೃಷಿಕರೇ ತೋಟ ಮಾರಲು ಮುಂದಾಗುವುದು ಏತಕ್ಕೆಂದು ಕೊಳ್ಳುವವನು ಒಮ್ಮೆ ಕೇಳಿಕೊಳ್ಳಬೇಕು. ಮಾರುವವನ ಕಣ್ಣೀರು ಕೊಳ್ಳುವವನ ಸುಯೋಗವೆಂದು ತಿಳಿಯಬಾರದು.

2016ರಲ್ಲಿ ನಮ್ಮ ಮೇಲ್ಭಾಗದ ಗುಡ್ಡದ ಜಮೀನನ್ನು ದೂರದ ನಗರದವರೊಬ್ಬರು ಕೊಂಡರು. ಯಂತ್ರ ತಂದು ಇಳಿಜಾರನ್ನು ಕಡಿದು ಸಮತಟ್ಟು ಮಾಡಿಸಿ, ಅತಿಥಿಗಳಿಗೆಂದು ನಾಲ್ಕು ಮನೆ ಕಟ್ಟಿಸಿದರು. ಅಬ್ಬಿಯ ನೀರನ್ನು ಒಂದು ಕೊಳಕ್ಕೆ ತಿರುಗಿಸಿದರು. ಅವರು ವರ್ಷಕ್ಕೆ ಮೂರು ಬಾರಿ ಬರುತ್ತಿದ್ದರು. ಉಳಿದ ದಿನ ಕಾವಲುಗಾರನ ಹೊರತು ಮಾತನಾಡಲು ಯಾರೂ ಇರಲಿಲ್ಲ. ಆ ಬೇಸಿಗೆ ಏಪ್ರಿಲ್ ಹೊತ್ತಿಗೆ ಕೆಳಗಿನ ಮನೆಯವರ ಅಡಿಕೆ ಸಸಿಗಳು ಸುಡತೊಡಗಿದವು. "ಮೇಷ್ಟ್ರೇ, ನಿಮ್ಮ ಪಾಲಿನ ದಿನದಲ್ಲಿ ಅರ್ಧ ನಮಗೆ ಬಿಟ್ಟುಕೊಡ್ತೀರಾ" ಎಂದು ಆ ಮನೆಯ ಯಜಮಾನರು ನಮ್ಮ ಜಗಲಿಗೆ ಬಂದು ಕೇಳಿದಾಗ ನನ್ನ ಮನೆಯವರು ಒಳಗಿನಿಂದಲೇ "ಪೂರ್ತಿ ಬಿಡೋಣ, ನಮ್ಮವು ಹಳೆ ಮರ, ತಡೀತಾವೆ" ಎಂದರು. ಹಾಗೆಯೇ ಮಾಡಿದೆವು. ಇಪ್ಪತ್ತು ವರ್ಷ ಬಹಿರಂಗವಾಗಿ, ಅಡೆತಡೆಯಿಲ್ಲದೆ ಅನುಭವಿಸಿದ ನೀರಿನ ಹಕ್ಕನ್ನು 1882ರ ಈಸ್ಮೆಂಟ್ ಕಾಯಿದೆ ಮನ್ನಿಸುತ್ತದೆಂದು ವಕೀಲರು ತಿಳಿಸಿದರು. ಆದರೆ ನ್ಯಾಯಾಲಯದ ತೀರ್ಪು ಬರುವವರೆಗೆ ಸಸಿ ಕಾಯುವುದಿಲ್ಲ. ಊರಿನ ಹಿರಿಯರೆಲ್ಲ ಕೂಡಿ, ಆ ಮಹನೀಯರು ಬಂದ ದಿನ ಹೋಗಿ, ಜಗಳವಾಡದೆ, ಬತ್ತಿದ ಸಸಿಗಳನ್ನು ತೋರಿಸಿದೆವು. ಅವರಿಗೆ ಯಾರೂ ಈ ಪದ್ಧತಿಯನ್ನು ಹೇಳಿರಲಿಲ್ಲವಂತೆ. ಈಗ ರಾತ್ರಿಯ ನೀರು ಕೆಳಗಿಳಿಯುತ್ತದೆ. ಹಗಲಿನ ನೀರಿನ ಮಾತು ಇನ್ನೂ ಪೂರ್ತಿ ಇತ್ಯರ್ಥವಾಗಿಲ್ಲ. ಕಡಿದ ಗುಡ್ಡವನ್ನಂತೂ ಮತ್ತೆ ಕೂಡಿಸಲಾಗದು. 2019ರ ಆಗಸ್ಟ್ ಮಳೆಗೆ ನಮ್ಮದೇ ಜಿಲ್ಲೆಯ ಮೂಡಿಗೆರೆ ತಾಲ್ಲೂಕಿನಲ್ಲಿ ಗುಡ್ಡ ಕುಸಿದು ಮನೆ, ತೋಟಗಳು ಕೊಚ್ಚಿಹೋದಂದಿನಿಂದ ಜೋರು ಮಳೆಯ ರಾತ್ರಿಗಳಲ್ಲಿ ನಮ್ಮ ಕಿವಿ ಆ ಕಡೆಗೇ ಇರುತ್ತದೆ.

ಇದು ನಮ್ಮೊಬ್ಬರ ಕಥೆಯಲ್ಲ. ನನ್ನ ತಂಗಿಯ ಮಗ ಅಮೆರಿಕದ ಕೊಲರಾಡೊ ರಾಜ್ಯದಲ್ಲಿದ್ದಾನೆ. ಅಲ್ಲಿನ ಆಸ್ಪೆನ್ ಎಂಬ ಬೆಟ್ಟದೂರು ಹಿಮದ ಮೇಲೆ ಜಾರುವ ಆಟಕ್ಕೆ ಹೆಸರಾದುದು. ಸಿರಿವಂತರು ಅಲ್ಲಿ ಮನೆಗಳನ್ನು ಕೊಂಡು ಬೆಲೆ ಏರಿಸಿದುದರಿಂದ ಊರಿನ ಶಿಕ್ಷಕರಿಗೆ, ದಾದಿಯರಿಗೆ ಇರಲು ಮನೆ ಸಿಗದಂತಾಗಿ, ಅಲ್ಲಿನ ಸ್ಥಳೀಯ ಆಡಳಿತವೇ ದುಡಿಯುವವರಿಗಾಗಿ ಮನೆಗಳನ್ನು ಕಾದಿರಿಸಬೇಕಾಯಿತೆಂದು ಅವನು ಹೇಳಿದ. ಸ್ವಿಟ್ಜರ್ಲೆಂಡಿನ ಜನ 2012ರಲ್ಲಿ ಮತ ಹಾಕಿ, ಯಾವ ಊರಿನಲ್ಲಿಯೂ ವರ್ಷದಲ್ಲಿ ಕೆಲವು ದಿನ ಬಂದುಹೋಗುವವರ ಮನೆಗಳು ನೂರಕ್ಕೆ 20ನ್ನು ಮೀರಬಾರದೆಂದು ನಿಯಮ ಮಾಡಿಕೊಂಡರು. ನಮ್ಮ ದೇಶದಲ್ಲಿಯೇ ಹಿಮಾಚಲ ಪ್ರದೇಶವು 1972ರ ಕಾನೂನಿನ 118ನೆಯ ವಿಧಿಯಿಂದ ಕೃಷಿಕರಲ್ಲದವರಿಗೆ ಭೂಮಿ ಹೋಗದಂತೆ ತಡೆ ಹಾಕಿಕೊಂಡಿದೆ. ಬೆಟ್ಟದ ಊರು ಎಲ್ಲಿಯದಾದರೂ ಅದರ ಅಳಲು ಒಂದೇ: ನೋಡಲು ಬರುವವರು ಬಹಳ, ಇರಲು ಬರುವವರು ವಿರಳ. ನಮ್ಮ ಹನ್ನೊಂದು ಮನೆಗಳ ಪುಟ್ಟ ಊರಿನಲ್ಲಿಯೂ ನಾಲ್ಕು ಮನೆಗಳಿಗೆ ಇಂದು ಬೀಗವಿದೆ. ದಾರಿಗೆ ಮರ ಬಿದ್ದ ರಾತ್ರಿ ಬೀಗ ಹಾಕಿದ ಮನೆಯಿಂದ ಯಾರು ಕೊಡಲಿ ಹಿಡಿದು ಬಂದಾರು?

ನಮ್ಮ ಶರಣರು ಕಾಯಕವನ್ನೂ ದಾಸೋಹವನ್ನೂ ಜೊತೆಯಾಗಿ ಹೇಳಿದರು. ಭೂಮಿಯನ್ನು ಕೊಂಡು ದುಡಿಯುವುದು ಕಾಯಕವಾದರೆ, ಆ ಭೂಮಿಯೊಡನೆ ಬಂದ ನೀರು, ದಾರಿ, ನೆರಳುಗಳನ್ನು ನೆರೆಯವನಿಗೆ ಸಲ್ಲಿಸುವುದು ದಾಸೋಹವೆಂದು ನಾನು ತಿಳಿದಿದ್ದೇನೆ. ಹಣ ಕೊಟ್ಟಾಗ ತೀರುವುದು ಮಾರಿದವನ ಲೆಕ್ಕ ಮಾತ್ರ. ನೆಲದ ಲೆಕ್ಕ ಅಂದಿನಿಂದ ಆರಂಭವಾಗುತ್ತದೆ.

ಆದ್ದರಿಂದ ಮಲೆನಾಡಿಗೆ ಬರಬೇಡಿ ಎಂದು ನಾನು ಹೇಳೆನು. ಬನ್ನಿ, ಇರಲು ಬನ್ನಿ. ಕೊಳ್ಳುವ ಮೊದಲು ಒಂದು ಮಳೆಗಾಲ ಬಾಡಿಗೆ ಮನೆಯಲ್ಲಿದ್ದು ನೋಡಿ. ಕಾಗದಪತ್ರಗಳನ್ನು ವಕೀಲರಿಗೆ ತೋರಿಸಿದ ಬಳಿಕ, ಮೇಲಿನ ಮನೆ, ಕೆಳಗಿನ ಮನೆಗಳ ಜಗಲಿಯಲ್ಲಿ ಕುಳಿತು, ನೀರಿನ ಪಾಳಿ ಹೇಗೆ, ದಾರಿ ಯಾರದು, ಬನದ ನಡೆ ಏನು ಎಂದು ಕೇಳಿ ತಿಳಿಯಿರಿ. ಗುಡ್ಡವನ್ನು ಕಡಿಯದೆ ಅದರ ಇಳಿಜಾರಿಗೆ ಹೊಂದುವಂತೆ ಚಿಕ್ಕ ಮನೆ ಕಟ್ಟಿ. ವರ್ಷದ ಹೆಚ್ಚು ದಿನ ಒಲೆ ಉರಿಯುವಂತಿದ್ದರೆ ಮಾತ್ರ ಕಟ್ಟಿ. ನಾನು ಇಲ್ಲಿಗೆ ಬಂದ ವರ್ಷ ನೆಟ್ಟ ಬಿಲ್ವದ ಗಿಡ ಇಂದು ಮರವಾಗಿದೆ. ಅದರ ಪತ್ರೆ ನಮ್ಮ ಮನೆಯ ಲಿಂಗಪೂಜೆಗೆ ಸಲ್ಲುತ್ತದೆ, ನೆರೆಯವರ ಸೋಮವಾರದ ಪೂಜೆಗೂ ಸಲ್ಲುತ್ತದೆ. ಎರಡು ಮನೆಗೆ ಪತ್ರೆ ಕೊಡುವ ಒಂದು ಮರ ಬೆಳೆಸುವಷ್ಟು ಕಾಲ ಊರಿನಲ್ಲಿ ನಿಲ್ಲುವ ಸಂಕಲ್ಪವುಳ್ಳವರಿಗೆ ಈ ಬೆಟ್ಟಗಳು ಎಂದೂ ಪರಸ್ಥಳವಲ್ಲ.